ಆಲೆಮನೆ ಒಲೆಗೆ ಹೊಗೆ ಅನಿಲ ವಿಶ್ಲೇಷಕ: ಬಳಕೆ ಮತ್ತು ನಿರ್ವಹಣೆ

ಪೀಠಿಕೆ

ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆ, ಅಂದರೆ ರಚ್ಚು, ಆಲೆಮನೆಯ ಮುಖ್ಯ ಉರುವಲು. ಒಲೆ ಸರಿಯಾಗಿ ಉರಿದರೆ ಆಯಾ ಕಬ್ಬಿನ ರಚ್ಚು ಆಯಾ ಹಾಲನ್ನು ಬೆಲ್ಲ ಮಾಡಲು ಬಹುಮಟ್ಟಿಗೆ ಸಾಕಾಗುತ್ತದೆ. ಸಾಕಾಗದಿದ್ದಾಗ ಸೌದೆ ಕೊಳ್ಳಬೇಕಾಗುತ್ತದೆ. ಇಲ್ಲವೇ ಹಳೆಯ ಟಯರು, ಪ್ಲಾಸ್ಟಿಕ್ ಚೂರುಗಳಂಥ ಸುಡಬಾರದ ವಸ್ತುಗಳು ಒಲೆ ಸೇರುವ ಅಪಾಯ ಎದುರಾಗುತ್ತದೆ. ಆದ್ದರಿಂದ ರಚ್ಚು ಬೇಗ ಮುಗಿಯುತ್ತಿದ್ದರೆ ಮೊದಲು ಪರೀಕ್ಷಿಸಬೇಕಾದದ್ದು ಒಲೆ ಉರಿಯುವ ರೀತಿಯನ್ನು.

ಅನುಭವಿಗಳು ಹೊಗೆಯ ಬಣ್ಣ ಮತ್ತು ಜ್ವಾಲೆಯನ್ನು ನೋಡಿಯೇ ಉರಿಯನ್ನು ಅಂದಾಜು ಮಾಡುತ್ತಾರೆ. ಆದರೆ ಎರಡು ಸಂಗತಿಗಳು ಕಣ್ಣಿಗೆ ಕಾಣುವುದಿಲ್ಲ. ಒಂದು, ಒಲೆಗೆ ಅಗತ್ಯಕ್ಕಿಂತ ಹೆಚ್ಚಾಗಿ ನುಗ್ಗಿ, ಬಿಸಿಯನ್ನು ಹೊತ್ತು ಚಿಮಣಿಯಿಂದ ಹೊರಹೋಗುವ ಗಾಳಿ. ಎರಡು, ಅರೆಬೆಂದ ಉರಿಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ಇದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಈ ಎರಡನ್ನೂ ಅಂಕಿಗಳಲ್ಲಿ ತೋರಿಸುವ, ಕೈಯಲ್ಲಿ ಹಿಡಿಯಬಹುದಾದ ಸಾಧನವೇ ಹೊಗೆ ಅನಿಲ ವಿಶ್ಲೇಷಕ. ವ್ಯವಹಾರದಲ್ಲಿ ಇದನ್ನು ಫ್ಲೂ ಗ್ಯಾಸ್ ಅನಲೈಸರ್ ಎಂದು ಕರೆಯುತ್ತಾರೆ.

ಇದು ದುಬಾರಿ ಸಾಧನ. ಪ್ರತಿ ಆಲೆಮನೆಗೂ ಒಂದನ್ನು ಕೊಳ್ಳುವ ಅಗತ್ಯವಿಲ್ಲ. ರೈತ ಉತ್ಪಾದಕ ಸಂಸ್ಥೆ ಅಥವಾ ಸಂಘದ ಬಳಿ ಒಂದಿದ್ದರೆ ಸುತ್ತಲಿನ ಹಲವು ಒಲೆಗಳಿಗೆ ಸಾಕು. ಆದರೆ ಹಲವರ ಕೈಗೆ ಹೋಗುವ ಸಾಧನ ಬೇಗ ಕೆಡುತ್ತದೆ. ಕೆಟ್ಟ ವಿಶ್ಲೇಷಕ ಸುಮ್ಮನೆ ನಿಂತುಹೋದರೆ ನಷ್ಟ ಅಷ್ಟಕ್ಕೇ ಮುಗಿಯುತ್ತದೆ. ಅದು ತಪ್ಪು ಅಂಕಿಯನ್ನು ತೋರಿಸುತ್ತಲೇ ಇದ್ದರೆ ಒಲೆಯನ್ನು ತಪ್ಪು ದಿಕ್ಕಿಗೆ ತಿರುಗಿಸುತ್ತದೆ. ಆದುದರಿಂದ ಈ ಲೇಖನದಲ್ಲಿ ಬಳಕೆಯ ಜೊತೆಗೆ ನಿರ್ವಹಣೆಗೂ ಅಷ್ಟೇ ಮಹತ್ವ ಕೊಡಲಾಗಿದೆ.

ಸಾಧನದ ಭಾಗಗಳು

1. ಪ್ರೋಬ್: ಚಿಮಣಿಯೊಳಗೆ ತೂರಿಸುವ ಉಕ್ಕಿನ ಕೊಳವೆ. ಇದರ ತುದಿಯಲ್ಲಿ ಉಷ್ಣತೆಯನ್ನು ಅಳೆಯುವ ಥರ್ಮೋಕಪಲ್ ಇರುತ್ತದೆ.
2. ರಬ್ಬರ್ ಕೊಳವೆ: ಹೊಗೆಯನ್ನು ಸಾಧನದವರೆಗೆ ತರುತ್ತದೆ.
3. ನೀರಿನ ಬಟ್ಟಲು: ಹೊಗೆಯಲ್ಲಿರುವ ಆವಿ ತಣಿದು ನೀರಾದಾಗ ಅದನ್ನು ಹಿಡಿದಿಡುತ್ತದೆ.
4. ಫಿಲ್ಟರ್: ಮಸಿ ಮತ್ತು ದೂಳನ್ನು ತಡೆಯುವ ಬಿಳಿಯ ಬಿಲ್ಲೆ.
5. ಪಂಪು: ಹೊಗೆಯನ್ನು ಒಳಗೆ ಎಳೆದುಕೊಳ್ಳುತ್ತದೆ.
6. ಸೆನ್ಸರುಗಳು: ಆಮ್ಲಜನಕಕ್ಕೆ ಒಂದು, ಕಾರ್ಬನ್ ಮಾನಾಕ್ಸೈಡ್‌ಗೆ ಒಂದು. ಇವು ರಾಸಾಯನಿಕ ಕ್ರಿಯೆಯಿಂದ ಅಳೆಯುವ ಪುಟ್ಟ ಕೋಶಗಳು. ಬ್ಯಾಟರಿಯಂತೆ ಇವಕ್ಕೂ ಆಯುಸ್ಸಿದೆ.

ಪರದೆಯ ಮೇಲೆ ಕಾರ್ಬನ್ ಡೈಆಕ್ಸೈಡ್, ಹೆಚ್ಚುವರಿ ಗಾಳಿ, ದಕ್ಷತೆ ಮುಂತಾದ ಅಂಕಿಗಳೂ ಕಾಣುತ್ತವೆ. ಹೆಚ್ಚಿನ ಮಾದರಿಗಳಲ್ಲಿ ಇವು ಅಳೆದ ಅಂಕಿಗಳಲ್ಲ, ಲೆಕ್ಕ ಹಾಕಿದ ಅಂಕಿಗಳು. ಆಮ್ಲಜನಕ, ಉಷ್ಣತೆ ಮತ್ತು ನೀವು ಆಯ್ಕೆ ಮಾಡಿದ ಉರುವಲನ್ನು ಆಧರಿಸಿ ಸಾಧನ ಅವನ್ನು ಲೆಕ್ಕ ಹಾಕುತ್ತದೆ. ಆಮ್ಲಜನಕದ ಅಂಕಿ ತಪ್ಪಿದರೆ ಉಳಿದವೆಲ್ಲವೂ ತಪ್ಪುತ್ತವೆ. ಉರುವಲಿನ ಪಟ್ಟಿಯಲ್ಲಿ ಡೀಸೆಲ್ ಅಥವಾ ಅಡುಗೆ ಅನಿಲ ಆಯ್ಕೆಯಾಗಿದ್ದರೂ ಲೆಕ್ಕ ತಪ್ಪುತ್ತದೆ. ರಚ್ಚಿನ ಹೆಸರಿದ್ದರೆ ಅದನ್ನು, ಇಲ್ಲದಿದ್ದರೆ ಕಟ್ಟಿಗೆಯನ್ನು ಆಯ್ಕೆ ಮಾಡಿರಿ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

ಈ ಸಾಧನಗಳಲ್ಲಿ ಬಹುಪಾಲು ಅನಿಲ ಅಥವಾ ಎಣ್ಣೆಯಿಂದ ಉರಿಯುವ ಬಾಯ್ಲರುಗಳಿಗೆಂದು ತಯಾರಾದವು. ರಚ್ಚಿನ ಹೊಗೆ ಅದಕ್ಕಿಂತ ಕಠಿಣವಾದದ್ದು. ಅದರಲ್ಲಿ ನೀರಾವಿ, ಮಸಿ ಮತ್ತು ಅಂಟಾದ ಡಾಂಬರು ಹೆಚ್ಚಿರುತ್ತವೆ. ಆದ್ದರಿಂದ ಮಾರಾಟಗಾರರಲ್ಲಿ ಈ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

• ಕಾರ್ಬನ್ ಮಾನಾಕ್ಸೈಡ್ ಸೆನ್ಸರ್ ಎಷ್ಟು ಪಿಪಿಎಂವರೆಗೆ ಅಳೆಯುತ್ತದೆ? ಪಿಪಿಎಂ ಎಂದರೆ ಹತ್ತು ಲಕ್ಷ ಭಾಗಗಳಲ್ಲಿ ಇಷ್ಟು ಭಾಗ. ಕೈಯಿಂದ ಉರಿ ಹಾಕುವ ಒಲೆಯಲ್ಲಿ ಈ ಅಂಕಿ ಹಲವು ಸಾವಿರ ದಾಟಬಲ್ಲದು. ಆದ್ದರಿಂದ ಸುಮಾರು 10,000 ಪಿಪಿಎಂವರೆಗೆ ಅಳೆಯುವ ಮಾದರಿ ಒಳಿತು.
• ಹೈಡ್ರೋಜನ್ ಪ್ರಭಾವವನ್ನು ಸರಿದೂಗಿಸುವ ವ್ಯವಸ್ಥೆ ಇದೆಯೇ? ಅರೆಬೆಂದ ಉರಿಯಲ್ಲಿ ಹೈಡ್ರೋಜನ್ ಕೂಡ ಇರುತ್ತದೆ. ಸಾಮಾನ್ಯ ಸೆನ್ಸರ್ ಅದನ್ನೂ ಕಾರ್ಬನ್ ಮಾನಾಕ್ಸೈಡ್ ಎಂದೇ ಎಣಿಸಿ ಹೆಚ್ಚು ತೋರಿಸುತ್ತದೆ.
• ಪ್ರೋಬ್ ಎಷ್ಟು ಉಷ್ಣತೆ ತಡೆಯುತ್ತದೆ? ಒಂದೇ ಕೊಪ್ಪರಿಗೆಯ ಒಲೆಯಲ್ಲಿ ಹೊಗೆ ಬಹಳ ಬಿಸಿಯಾಗಿಯೇ ಚಿಮಣಿ ಸೇರುತ್ತದೆ. ಪ್ರೋಬಿನ ಮಿತಿಯನ್ನು ತಿಳಿಯದೆ ಅದನ್ನು ಚಿಮಣಿಯ ಬುಡದಲ್ಲಿ ತೂರಿಸಬಾರದು.

ಅಳತೆಯ ರಂಧ್ರ ಎಲ್ಲಿರಬೇಕು?

ಹೊಗೆ ಕೊನೆಯ ಕೊಪ್ಪರಿಗೆಯನ್ನು ದಾಟಿದ ಬಳಿಕ ಮತ್ತು ಹೊರಗಿನ ಗಾಳಿ ಬೆರೆಯುವುದಕ್ಕೆ ಮೊದಲು ಅಳತೆ ನಡೆಯಬೇಕು. ಚಿಮಣಿಯ ತಿರುವಿನಿಂದ, ಅದರ ಒಳ ಅಗಲದ ಎರಡರಷ್ಟು ದೂರದಲ್ಲಿ ರಂಧ್ರ ಮಾಡಿರಿ. ಪ್ರೋಬ್ ಸಲೀಸಾಗಿ ತೂರುವಷ್ಟು ಅಗಲವಿದ್ದರೆ ಸಾಕು. ಇಟ್ಟಿಗೆ ಚಿಮಣಿಯಾದರೆ ಒಂದು ತುಂಡು ಕಬ್ಬಿಣದ ಪೈಪನ್ನು ಕೂರಿಸಿ, ಅಳತೆ ಇಲ್ಲದಾಗ ಮುಚ್ಚಳ ಹಾಕಿಡಿರಿ.

ಚಿಮಣಿಯು ಗಾಳಿಯನ್ನು ಒಳಗೆ ಎಳೆಯುತ್ತಿರುತ್ತದೆ. ಆದ್ದರಿಂದ ಪ್ರೋಬಿನ ಸುತ್ತ ಸಂದು ಉಳಿದರೆ ಹೊರಗಾಳಿ ನುಗ್ಗಿ ಅಳತೆ ಕೆಡುತ್ತದೆ. ಸಾಧನದೊಂದಿಗೆ ಬರುವ ಕೋನಾಕಾರದ ಬಿರಡೆಯಿಂದ ಸಂದನ್ನು ಮುಚ್ಚಿರಿ. ರಂಧ್ರದ ಕೆಳಗೆ ಚಿಮಣಿಯ ಗೋಡೆ ಬಿರುಕು ಬಿಟ್ಟಿದ್ದರೆ ಮೊದಲು ಮಣ್ಣು ಮೆತ್ತಿ ಮುಚ್ಚಿರಿ.

ಅಳತೆಯ ಕ್ರಮ

1. ಒಲೆ ಹೊತ್ತಿಸಿದ ಕೂಡಲೇ ಅಳೆಯಬೇಡಿರಿ. ಒಲೆಯ ಗೋಡೆ ಕಾದು, ಹಾಲು ಕುದಿಯಲು ಆರಂಭವಾದ ಮೇಲೆ ಅಳೆಯಿರಿ.

2. ಸಾಧನವನ್ನು ಆಲೆಮನೆಯ ಹೊರಗೆ, ಗಾಳಿ ಬರುವ ದಿಕ್ಕಿನಲ್ಲಿ, ಹೊಗೆಯಿಲ್ಲದ ಜಾಗದಲ್ಲಿ ಚಾಲೂ ಮಾಡಿರಿ. ಆರಂಭದ ಒಂದೆರಡು ನಿಮಿಷಗಳಲ್ಲಿ ಅದು ಸುತ್ತಲಿನ ಗಾಳಿಯನ್ನು ಎಳೆದುಕೊಂಡು, ಅದರ ಆಮ್ಲಜನಕವನ್ನು 20.9% ಎಂದೂ ಕಾರ್ಬನ್ ಮಾನಾಕ್ಸೈಡನ್ನು ಸೊನ್ನೆ ಎಂದೂ ಗುರುತಿಸಿಕೊಳ್ಳುತ್ತದೆ. ಹೊಗೆಯ ನಡುವೆ ಚಾಲೂ ಮಾಡಿದರೆ ಹೊಗೆಯನ್ನೇ ಶುದ್ಧ ಗಾಳಿಯೆಂದು ಭಾವಿಸುತ್ತದೆ. ಆ ದಿನದ ಅಳತೆಗಳೆಲ್ಲ ತಪ್ಪುತ್ತವೆ.

3. ಸೋರಿಕೆ ಪರೀಕ್ಷೆ ಮಾಡಿರಿ. ಪ್ರೋಬಿನ ತುದಿಯನ್ನು ರಬ್ಬರ್ ಟೋಪಿಯಿಂದ ಕೆಲವು ಕ್ಷಣ ಮುಚ್ಚಿರಿ. ಪಂಪಿನ ಸದ್ದು ಬಿಗಿಯಾಗಬೇಕು, ಹರಿವು ಕಡಿಮೆ ಎಂಬ ಎಚ್ಚರಿಕೆ ಬರಬೇಕು. ಪಂಪು ಸಲೀಸಾಗಿ ಓಡುತ್ತಲೇ ಇದ್ದರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ.

4. ಪ್ರೋಬನ್ನು ಚಿಮಣಿಯೊಳಗೆ ತೂರಿಸಿ, ನಿಧಾನವಾಗಿ ಹಿಂದೆ ಮುಂದೆ ಸರಿಸಿರಿ. ಉಷ್ಣತೆ ಅತಿ ಹೆಚ್ಚು ಮತ್ತು ಆಮ್ಲಜನಕ ಅತಿ ಕಡಿಮೆ ಇರುವ ಸ್ಥಳವೇ ಹೊಗೆಯ ನಡುಭಾಗ. ಅಲ್ಲಿ ನಿಲ್ಲಿಸಿ ಬಿಗಿ ಮಾಡಿರಿ.

5. ಒಂದೇ ಅಂಕಿಯನ್ನು ನೋಡಿ ತೀರ್ಮಾನಿಸಬೇಡಿರಿ. ಒಲೆಗೆ ರಚ್ಚು ಹಾಕಿದ ಕ್ಷಣ ಆಮ್ಲಜನಕ ಕುಸಿದು ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ರಚ್ಚು ಉರಿದು ಮುಗಿಯುತ್ತಿದ್ದಂತೆ ಆಮ್ಲಜನಕ ಮತ್ತೆ ಏರುತ್ತದೆ. ಹತ್ತು ನಿಮಿಷಗಳ ಕಾಲ, ನಿಮಿಷಕ್ಕೊಮ್ಮೆ ಅಂಕಿಗಳನ್ನು ಬರೆದುಕೊಂಡು ಸರಾಸರಿ ತೆಗೆಯಿರಿ. ರಚ್ಚು ಹಾಕಿದ ಕ್ಷಣಗಳನ್ನು ಗುರುತು ಮಾಡಿಕೊಳ್ಳಿರಿ.

6. ಹತ್ತು ನಿಮಿಷಗಳ ಬಳಿಕ ಪ್ರೋಬನ್ನು ಹೊರತೆಗೆದು, ಪಂಪನ್ನು ನಿಲ್ಲಿಸದೆ ಶುದ್ಧ ಗಾಳಿಯಲ್ಲಿ ಇರಿಸಿರಿ. ಆಮ್ಲಜನಕ 20.9%ಕ್ಕೆ, ಕಾರ್ಬನ್ ಮಾನಾಕ್ಸೈಡ್ ಸೊನ್ನೆಯ ಸಮೀಪಕ್ಕೆ ಮರಳಿದ ಮೇಲೆ ಮಾತ್ರ ಮುಂದಿನ ಅಳತೆ ತೆಗೆದುಕೊಳ್ಳಿರಿ. ಅಳೆಯುವಾಗ ಕಾರ್ಬನ್ ಮಾನಾಕ್ಸೈಡ್ ಸಾಧನದ ಮಿತಿಯನ್ನು ದಾಟಿದರೆ ಕೂಡಲೇ ಪ್ರೋಬನ್ನು ಹೊರತೆಗೆಯಿರಿ. ಇಲ್ಲದಿದ್ದರೆ ಸೆನ್ಸರಿಗೆ ಹಾನಿಯಾಗುತ್ತದೆ.

ಅಂಕಿಗಳನ್ನು ಅರ್ಥೈಸುವುದು

ಹೆಚ್ಚುವರಿ ಗಾಳಿಯನ್ನು ಕಾಗದದ ಮೇಲೆಯೂ ಲೆಕ್ಕ ಹಾಕಬಹುದು. ಚಿಮಣಿಯ ಆಮ್ಲಜನಕವನ್ನು 20.9ರಿಂದ ಕಳೆಯಿರಿ. ಬಂದ ಉತ್ತರದಿಂದ ಅದೇ ಆಮ್ಲಜನಕದ ಅಂಕಿಯನ್ನು ಭಾಗಿಸಿ 100ರಿಂದ ಗುಣಿಸಿರಿ. ಆಮ್ಲಜನಕ 8% ಇದ್ದರೆ ಹೆಚ್ಚುವರಿ ಗಾಳಿ ಸುಮಾರು 62%. ಆಮ್ಲಜನಕ 14% ಇದ್ದರೆ ಸುಮಾರು 203%. ಅಂದರೆ ಒಂದು ಪಾಲು ಗಾಳಿ ಸಾಕಿದ್ದಲ್ಲಿ ಮೂರು ಪಾಲು ಒಳಬರುತ್ತಿದೆ. ಆ ಎರಡು ಪಾಲು ಹೆಚ್ಚುವರಿ ಗಾಳಿಯನ್ನು ಕಾಯಿಸಿ ಹೊರಗೆ ಕಳುಹಿಸಲು ನಿಮ್ಮ ರಚ್ಚು ಖರ್ಚಾಗುತ್ತಿದೆ.

ಕಾರ್ಬನ್ ಮಾನಾಕ್ಸೈಡ್ ಅಂಕಿಯನ್ನು ಹೋಲಿಸುವಾಗ ಒಂದು ಎಚ್ಚರಿಕೆ ಅಗತ್ಯ. ಹಾಲಿಗೆ ನೀರು ಬೆರೆಸಿದಷ್ಟೂ ಅದು ತೆಳುವಾಗುವಂತೆ, ಹೆಚ್ಚು ಗಾಳಿ ಬೆರೆತಷ್ಟೂ ಈ ಅಂಕಿ ಕಡಿಮೆ ಕಾಣುತ್ತದೆ. ಉದಾಹರಣೆಗೆ, ಒಂದು ಒಲೆಯಲ್ಲಿ ಆಮ್ಲಜನಕ 14%, ಕಾರ್ಬನ್ ಮಾನಾಕ್ಸೈಡ್ 1,500 ಪಿಪಿಎಂ ಇದೆ ಎಂದುಕೊಳ್ಳೋಣ. ಇನ್ನೊಂದರಲ್ಲಿ ಆಮ್ಲಜನಕ 8%, ಕಾರ್ಬನ್ ಮಾನಾಕ್ಸೈಡ್ 2,000 ಪಿಪಿಎಂ ಇದೆ. ಮೇಲ್ನೋಟಕ್ಕೆ ಮೊದಲನೆಯದು ಉತ್ತಮ. ಆದರೆ ಅಳೆದ ಅಂಕಿಯನ್ನು 20.9ರಿಂದ ಗುಣಿಸಿ, 20.9ರಿಂದ ಆಮ್ಲಜನಕವನ್ನು ಕಳೆದ ಉತ್ತರದಿಂದ ಭಾಗಿಸಿದರೆ, ಹೆಚ್ಚುವರಿ ಗಾಳಿ ಬೆರೆಯದಿದ್ದಾಗಿನ ನಿಜವಾದ ಪ್ರಮಾಣ ಸಿಗುತ್ತದೆ. ಮೊದಲ ಒಲೆಗೆ ಅದು ಸುಮಾರು 4,540 ಪಿಪಿಎಂ, ಎರಡನೆಯದಕ್ಕೆ ಸುಮಾರು 3,240 ಪಿಪಿಎಂ. ಎರಡನೆಯ ಒಲೆಯೇ ಚೆನ್ನಾಗಿ ಉರಿಯುತ್ತಿದೆ. ಎರಡು ಒಲೆಗಳನ್ನಾಗಲಿ, ಒಂದೇ ಒಲೆಯ ಹಿಂದಿನ ಮತ್ತು ಇಂದಿನ ಅಳತೆಯನ್ನಾಗಲಿ ಹೀಗೆ ಸರಿಪಡಿಸಿದ ಅಂಕಿಯಿಂದಲೇ ಹೋಲಿಸಬೇಕು.

ಕೈಯಿಂದ ಉರಿ ಹಾಕುವ ಒಲೆಗೆ ಸರಾಸರಿ 7ರಿಂದ 10% ಆಮ್ಲಜನಕ ಸಾಧಿಸಬಹುದಾದ ಗುರಿ. ಮುಂದಿನ ಕ್ರಮಗಳು ಹೀಗಿರಲಿ:

• ಆಮ್ಲಜನಕ ಹೆಚ್ಚು, ಕಾರ್ಬನ್ ಮಾನಾಕ್ಸೈಡ್ ಕಡಿಮೆ: ಗಾಳಿ ಅತಿಯಾಗಿದೆ. ಬೂದಿಗುಂಡಿಯ ಬಾಯನ್ನು ಒಂದೆರಡು ಇಟ್ಟಿಗೆಯಷ್ಟು ಕಿರಿದುಗೊಳಿಸಿರಿ. ಕೊಪ್ಪರಿಗೆಯ ಅಂಚಿನ ಮತ್ತು ಗೋಡೆಯ ಸಂದುಗಳನ್ನು ಮಣ್ಣಿನಿಂದ ಮುಚ್ಚಿರಿ.
• ಆಮ್ಲಜನಕ ಕಡಿಮೆ, ಕಾರ್ಬನ್ ಮಾನಾಕ್ಸೈಡ್ ಹೆಚ್ಚು: ಉರಿಗೆ ಗಾಳಿ ಸಾಲದು. ಜಾಲರಿಯ ಬೂದಿ ಕೆದಕಿ ತೆಗೆಯಿರಿ, ಗಾಳಿದಾರಿ ತೆರೆಯಿರಿ, ಒಮ್ಮೆಗೇ ಹೊರೆ ರಚ್ಚು ತುರುಕುವುದನ್ನು ನಿಲ್ಲಿಸಿರಿ.
• ಎರಡೂ ಹೆಚ್ಚು: ರಚ್ಚು ಹಸಿಯಾಗಿರುವ ಸಾಧ್ಯತೆ ಹೆಚ್ಚು. ಆಗ ತಾನೇ ಅರೆದ ರಚ್ಚಿನ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. ಕುದಿಯುವ ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 540 ಕಿಲೋಕ್ಯಾಲೊರಿ ಶಾಖ ಬೇಕು. ಆ ಶಾಖ ಹಾಲಿಗೆ ತಲುಪುವುದಿಲ್ಲ, ಜ್ವಾಲೆಯೂ ತಣಿಯುತ್ತದೆ. ರಚ್ಚನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಹಾಕಿರಿ.
• ಆಮ್ಲಜನಕ ಸರಿಯಿದೆ, ಚಿಮಣಿಯ ಉಷ್ಣತೆ ಬಹಳ ಹೆಚ್ಚು: ಉರಿ ಸರಿಯಿದೆ, ಆದರೆ ಶಾಖ ಕೊಪ್ಪರಿಗೆಗೆ ದಾಟುತ್ತಿಲ್ಲ. ಕೊಪ್ಪರಿಗೆಯ ತಳದ ಮಸಿ ಕೆರೆದು ತೆಗೆಯಿರಿ. ಹಾಲನ್ನು ಮೊದಲೇ ಬಿಸಿ ಮಾಡುವ ಇನ್ನೊಂದು ಕೊಪ್ಪರಿಗೆಯನ್ನು ಹೊಗೆದಾರಿಯಲ್ಲಿ ಕೂರಿಸುವ ಬಗ್ಗೆ ತಜ್ಞರೊಂದಿಗೆ ಚರ್ಚಿಸಿರಿ.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಕಾಲು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಸಾಧನ ತೋರಿಸುವ ದಕ್ಷತೆಯ ಅಂಕಿಯನ್ನು ಪೂರ್ಣವಾಗಿ ನಂಬಬೇಡಿರಿ. ಅದು ಚಿಮಣಿಯಿಂದ ಹೋಗುವ ಶಾಖವನ್ನು ಮಾತ್ರ ಎಣಿಸುತ್ತದೆ; ಒಲೆಯ ಗೋಡೆ ಮತ್ತು ನೆಲ ಹೀರುವ ಶಾಖ ಅದಕ್ಕೆ ಕಾಣುವುದಿಲ್ಲ. ಒಂದು ಅಡುಗೆಗೆ ಎಷ್ಟು ಕಿಲೋ ರಚ್ಚು ಬೇಕಾಯಿತು, ಎಷ್ಟು ನಿಮಿಷ ಹಿಡಿಯಿತು ಎಂಬ ತೂಕ ಮತ್ತು ಗಡಿಯಾರದ ಲೆಕ್ಕವೇ ಅಂತಿಮ ಪ್ರಮಾಣ.

ಸೋರಿಕೆಯಿಂದಾಗುವ ಅಪಾಯ

ಅಳತೆಯ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದೂ ಅತಿ ಅಪಾಯಕಾರಿಯಾದದ್ದೂ ಒಂದೇ. ನೀರಿನ ಬಟ್ಟಲನ್ನು ಖಾಲಿ ಮಾಡಿ ಮತ್ತೆ ಕೂರಿಸುವಾಗ ಅದರ ರಬ್ಬರ್ ಉಂಗುರ ಸರಿಯಾಗಿ ಕೂರದೆ ಗಾಳಿ ಸೋರುವುದು. ಒಲೆಯಲ್ಲಿ ನಿಜವಾಗಿ ಆಮ್ಲಜನಕ 8%, ಕಾರ್ಬನ್ ಮಾನಾಕ್ಸೈಡ್ 2,000 ಪಿಪಿಎಂ ಇದೆ ಎನ್ನೋಣ. ಸಾಧನ ಎಳೆದುಕೊಳ್ಳುವುದರಲ್ಲಿ ಐದನೇ ಒಂದು ಪಾಲು ಸೋರಿಕೆಯ ಗಾಳಿಯಾದರೆ ಪರದೆಯಲ್ಲಿ ಆಮ್ಲಜನಕ 10.6% ಎಂದೂ ಕಾರ್ಬನ್ ಮಾನಾಕ್ಸೈಡ್ 1,600 ಎಂದೂ ಕಾಣುತ್ತದೆ. ಉಷ್ಣತೆ ಮಾತ್ರ ಸರಿಯಾಗಿಯೇ ಇರುವುದರಿಂದ ಸಂಶಯ ಬರುವುದಿಲ್ಲ. 62% ಇರುವ ಹೆಚ್ಚುವರಿ ಗಾಳಿ 103% ಎಂದು ತೋರುತ್ತದೆ.

ಇದನ್ನು ನಂಬಿ ಗಾಳಿದಾರಿಯನ್ನು ಕಿರಿದುಗೊಳಿಸಿದರೆ, ಸರಿಯಾಗಿದ್ದ ಉರಿ ಉಸಿರುಕಟ್ಟುತ್ತದೆ. ರಚ್ಚು ಉಳಿಯುವ ಬದಲು ಹೆಚ್ಚು ವ್ಯಯವಾಗುತ್ತದೆ, ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಚಿಮಣಿಯ ಎಳೆತವೂ ದುರ್ಬಲವಾಗಿದ್ದರೆ ಆ ಹೊಗೆ ಒಲೆಯ ಬಾಯಿಂದ ಹಿಂದಕ್ಕೆ ಬಂದು, ಅಲ್ಲಿಯೇ ಕುಳಿತು ಉರಿ ಹಾಕುವವರ ಉಸಿರು ಸೇರುತ್ತದೆ. ಎರಡು ನಿಮಿಷದ ಸೋರಿಕೆ ಪರೀಕ್ಷೆಯನ್ನು ಬಿಟ್ಟರೆ ಅದರ ಬೆಲೆ ತೆರುವವರು ಅವರೇ. ಆದುದರಿಂದ ಬಟ್ಟಲು ತೆಗೆದು ಹಾಕಿದ ಪ್ರತಿ ಸಲವೂ ಈ ಪರೀಕ್ಷೆ ಕಡ್ಡಾಯ.

ನಿರ್ವಹಣೆ

ಪ್ರತಿ ಬಳಕೆಯಲ್ಲಿ:
• ನೀರಿನ ಬಟ್ಟಲು ನೆಟ್ಟಗೆ ನಿಲ್ಲುವಂತೆ ಸಾಧನವನ್ನು ಹಿಡಿಯಿರಿ. ಅರ್ಧ ತುಂಬುವ ಮೊದಲೇ ಖಾಲಿ ಮಾಡಿರಿ. ನೀರು ಪಂಪು ಅಥವಾ ಸೆನ್ಸರನ್ನು ತಲುಪಿದರೆ ದುರಸ್ತಿ ದುಬಾರಿ.
• ಫಿಲ್ಟರ್ ಬೂದುಬಣ್ಣಕ್ಕೆ ತಿರುಗಿದರೆ ಬದಲಿಸಿರಿ. ರಚ್ಚಿನ ಹೊಗೆಯಲ್ಲಿ ಒಂದು ದಿನದಲ್ಲೇ ಒಂದಕ್ಕಿಂತ ಹೆಚ್ಚು ಬೇಕಾಗಬಹುದು. ತೊಳೆದೋ ಊದಿಯೋ ಮತ್ತೆ ಬಳಸಬಾರದು. ಫಿಲ್ಟರ್ ಇಲ್ಲದೆ ಸಾಧನವನ್ನು ಎಂದೂ ಓಡಿಸಬಾರದು.
• ನಿಲ್ಲಿಸುವ ಮುನ್ನ ಶುದ್ಧ ಗಾಳಿಯಲ್ಲಿ ಐದು ನಿಮಿಷವಾದರೂ ಪಂಪು ಓಡಲಿ. ಹೊಗೆಯನ್ನು ಒಳಗಿಟ್ಟುಕೊಂಡೇ ನಿಂತರೆ ಸೆನ್ಸರಿನ ಆಯುಸ್ಸು ಕುಗ್ಗುತ್ತದೆ.

ದಿನದ ಕೊನೆಗೆ:
• ಪ್ರೋಬ್ ತಣ್ಣಗಾದ ಮೇಲೆ ಕೊಳವೆಯನ್ನು ಸಾಧನದಿಂದ ಬೇರ್ಪಡಿಸಿ, ಮಸಿ ಮತ್ತು ಡಾಂಬರನ್ನು ಒರೆಸಿರಿ. ಬಿಸಿ ಪ್ರೋಬನ್ನು ನೀರಿಗೆ ಅದ್ದಬೇಡಿರಿ.
• ಬಟ್ಟಲನ್ನು ಬರಿ ನೀರಿನಿಂದ ತೊಳೆದು ಒಣಗಿಸಿ, ರಬ್ಬರ್ ಉಂಗುರದಲ್ಲಿ ಬಿರುಕಿದೆಯೇ ನೋಡಿರಿ.
• ಸ್ಪಿರಿಟ್, ಪೆಟ್ರೋಲ್, ಥಿನ್ನರ್, ಸಿಲಿಕೋನ್ ಅಂಟು ಇವನ್ನು ಶುಚಿಗೊಳಿಸಲು ಬಳಸಬೇಡಿರಿ; ಇವುಗಳ ಬಳಿ ಸಾಧನವನ್ನು ಇಡಲೂಬೇಡಿರಿ. ಇವುಗಳ ಆವಿ ಸೆನ್ಸರಿಗೆ ಮಾರಕ. ಕೀಟನಾಶಕ, ಡೀಸೆಲ್ ಇಡುವ ಕೋಣೆಯೂ ಇದಕ್ಕೆ ಸೂಕ್ತವಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದಲ್ಲಿ ಬಿಡಬಾರದು.

ಬಳಕೆ ಇಲ್ಲದ ತಿಂಗಳುಗಳಲ್ಲಿ:
• ತಿಂಗಳಿಗೊಮ್ಮೆ ಬ್ಯಾಟರಿ ಚಾರ್ಜ್ ಮಾಡಿ, ಶುದ್ಧ ಗಾಳಿಯಲ್ಲಿ ಹತ್ತು ನಿಮಿಷ ಓಡಿಸಿರಿ.

ವರ್ಷಕ್ಕೊಮ್ಮೆ:
• ಪ್ರಮಾಣಿತ ಅನಿಲದಿಂದ ಅಳತೆಯನ್ನು ಸರಿದೂಗಿಸಿಸಬೇಕು. ಇದನ್ನು ತಯಾರಕರ ಸೇವಾ ಕೇಂದ್ರದಲ್ಲಿ ಅಥವಾ ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಮಾಡಿಸಿ, ಪ್ರಮಾಣಪತ್ರವನ್ನು ಸಾಧನದ ಪೆಟ್ಟಿಗೆಯಲ್ಲೇ ಇಡಿರಿ. ಕಬ್ಬು ಅರೆಯುವ ಹಂಗಾಮಿಗೆ ಮುಂಚೆ ಮಾಡಿಸುವುದು ಒಳಿತು.
• ಆಮ್ಲಜನಕದ ಸೆನ್ಸರ್ ಸಾಮಾನ್ಯವಾಗಿ ಸುಮಾರು ಎರಡು ವರ್ಷ ಬಾಳುತ್ತದೆ. ಪೆಟ್ಟಿಗೆಯಲ್ಲಿ ಸುಮ್ಮನಿದ್ದರೂ ಅದು ಸವೆಯುತ್ತದೆ. ಸಂಘದ ಆಯವ್ಯಯದಲ್ಲಿ ಇದಕ್ಕೆ ಹಣ ತೆಗೆದಿರಿಸಿರಿ.

ತೊಂದರೆ ಮತ್ತು ಪರಿಹಾರ

• ಶುದ್ಧ ಗಾಳಿಯಲ್ಲಿ ಆಮ್ಲಜನಕ 20.9% ತೋರುತ್ತಿಲ್ಲ: ಬೇರೆ ಬಯಲಿನಲ್ಲಿ ಮತ್ತೆ ಚಾಲೂ ಮಾಡಿರಿ. ಆಗಲೂ ಬಾರದಿದ್ದರೆ ಸೆನ್ಸರಿನ ಆಯುಸ್ಸು ಮುಗಿದಿರಬಹುದು.
• ಚಿಮಣಿಯಲ್ಲಿದ್ದರೂ ಆಮ್ಲಜನಕ 18%ಕ್ಕಿಂತ ಇಳಿಯುತ್ತಿಲ್ಲ, ಉಷ್ಣತೆ ಮಾತ್ರ ಏರಿದೆ: ಬಟ್ಟಲು, ಕೊಳವೆ ಅಥವಾ ಜೋಡಣೆಯಲ್ಲಿ ಸೋರಿಕೆ ಇರುವ ಸಂಭವ ಹೆಚ್ಚು.
• ಹರಿವು ಕಡಿಮೆ ಎಂಬ ಎಚ್ಚರಿಕೆ: ಫಿಲ್ಟರ್ ಕಟ್ಟಿದೆ, ಕೊಳವೆ ಮಡಚಿದೆ ಅಥವಾ ಪ್ರೋಬಿನೊಳಗೆ ಡಾಂಬರು ತುಂಬಿದೆ.
• ಕಾರ್ಬನ್ ಮಾನಾಕ್ಸೈಡ್ ಸೊನ್ನೆಗೆ ಮರಳುತ್ತಿಲ್ಲ: ಇನ್ನೂ ಅರ್ಧ ಗಂಟೆ ಶುದ್ಧ ಗಾಳಿಯಲ್ಲಿ ಓಡಿಸಿರಿ. ಮರುದಿನವೂ ಹಾಗೆಯೇ ಇದ್ದರೆ ಸೇವಾ ಕೇಂದ್ರಕ್ಕೆ ಕಳುಹಿಸಿರಿ.

ಸುರಕ್ಷತೆ

ಈ ಸಾಧನ ಚಿಮಣಿಯೊಳಗಿನ ಹೊಗೆಗಾಗಿ ತಯಾರಾದದ್ದು. ಕೆಲಸಗಾರರನ್ನು ಕಾಯುವ ಎಚ್ಚರಿಕೆ ಗಂಟೆಯಲ್ಲ. ಅದಕ್ಕೆ ಪ್ರತ್ಯೇಕ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇಕು. 2025ರವರೆಗೆ ಜಾರಿಯಲ್ಲಿದ್ದ ಕಾರ್ಖಾನೆಗಳ ಕಾಯ್ದೆ, 1948ರ ಎರಡನೇ ಅನುಸೂಚಿಯ ಪ್ರಕಾರ ಎಂಟು ಗಂಟೆಯ ಕೆಲಸದ ಅವಧಿಯಲ್ಲಿ ಉಸಿರಾಡುವ ಗಾಳಿಯಲ್ಲಿ ಇದರ ಸರಾಸರಿ ಮಿತಿ 50 ಪಿಪಿಎಂ ಆಗಿತ್ತು. ಚಿಮಣಿಯೊಳಗೆ ಅದು ಸಾವಿರಗಳಲ್ಲಿರುತ್ತದೆ ಎಂಬುದನ್ನು ನೆನಪಿಡಿರಿ.

ಉರಿ ಜೋರಾಗಿರುವಾಗ ಚಿಮಣಿಯ ತಗಡನ್ನು ಪೂರ್ತಿ ಮುಚ್ಚಬೇಡಿರಿ. ಒಲೆಯ ಬಳಿ ಇರುವವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಕಂಡರೆ ಅದನ್ನು ಬಿಸಿಲಿನ ಆಯಾಸವೆಂದು ಕಡೆಗಣಿಸದೆ ಕೂಡಲೇ ಬಯಲಿಗೆ ಕರೆತನ್ನಿರಿ. ಪ್ರಜ್ಞೆ ತಪ್ಪಿದರೆ 108ಕ್ಕೆ ಕರೆ ಮಾಡಿರಿ. ಅಳತೆಗೆ ಇಬ್ಬರು ಹೋಗಿರಿ. ಟಯರು, ಪ್ಲಾಸ್ಟಿಕ್ ಸುಡುವ ಒಲೆಯಲ್ಲಿ ಪ್ರೋಬ್ ಇಡಬೇಡಿರಿ: ಆ ಹೊಗೆ ಸಾಧನವನ್ನೂ ಹಾಳುಮಾಡುತ್ತದೆ, ಅಲ್ಲಿರುವವರ ಆರೋಗ್ಯವನ್ನೂ ಕೆಡಿಸುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೆ

ಪ್ರತಿ ಆಲೆಮನೆಗೂ ಒಂದು ಪುಟ ಮೀಸಲಿಟ್ಟು ದಿನಾಂಕ, ರಚ್ಚು ಒಣಗಿಸಿದ ದಿನಗಳು, ಸರಾಸರಿ ಆಮ್ಲಜನಕ, ಸರಿಪಡಿಸಿದ ಕಾರ್ಬನ್ ಮಾನಾಕ್ಸೈಡ್, ಚಿಮಣಿಯ ಉಷ್ಣತೆ, ಒಂದು ಅಡುಗೆಗೆ ಬಳಸಿದ ರಚ್ಚಿನ ತೂಕ, ಮಾಡಿದ ಬದಲಾವಣೆ ಇವನ್ನು ದಾಖಲಿಸಿರಿ. ಸೋರಿಕೆ ಪರೀಕ್ಷೆ ಮಾಡಿದ ಬಗ್ಗೆ ಒಂದು ಗುರುತಿರಲಿ; ಆ ಗುರುತಿಲ್ಲದ ಅಳತೆಯ ಆಧಾರದ ಮೇಲೆ ಯಾವ ಸಲಹೆಯನ್ನೂ ಕೊಡಬೇಡಿರಿ. ಒಲೆಯ ಮುಂದೆ ಕುಳಿತು ಉರಿ ಹಾಕುವವರಿಗೇ ಪರದೆಯನ್ನು ತೋರಿಸಿರಿ. ಹೊರೆ ರಚ್ಚನ್ನು ಒಮ್ಮೆಗೇ ತುರುಕಿದಾಗ ಅಂಕಿ ಏರುವುದನ್ನೂ, ಹಿಡಿ ಹಿಡಿಯಾಗಿ ಹಾಕಿದಾಗ ಇಳಿಯುವುದನ್ನೂ ಅವರು ಕಣ್ಣಾರೆ ಕಂಡರೆ ಬೇರೆ ಉಪದೇಶದ ಅಗತ್ಯ ಬೀಳುವುದಿಲ್ಲ.

ಹುಣಸೂರು, ಪಿರಿಯಾಪಟ್ಟಣ ಭಾಗದ ತಂಬಾಕು ಹದಗೊಳಿಸುವ ಬ್ಯಾರನ್ನುಗಳು, ಮಲೆನಾಡಿನ ಏಲಕ್ಕಿ ಒಣಗಿಸುವ ಗೂಡುಗಳು, ಅಡಿಕೆ ಬೇಯಿಸುವ ಒಲೆಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಅಕ್ಕಿ ಗಿರಣಿಯ ಬಾಯ್ಲರಿನಲ್ಲಿ ಮಾತ್ರ ಅರ್ಹತಾಪತ್ರವಿರುವ ನಿರ್ವಾಹಕರ ಸಮ್ಮುಖದಲ್ಲಿಯೇ ಅಳೆಯಬೇಕು.

ಹೆಚ್ಚಿನ ಮಾಹಿತಿಗಾಗಿ ಹಾಗೂ ಒಲೆಯ ಮಾರ್ಪಾಡಿನ ಕುರಿತ ಸಲಹೆಗಾಗಿ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದ ಕೃಷಿ ಎಂಜಿನಿಯರಿಂಗ್ ತಜ್ಞರನ್ನು ಸಂಪರ್ಕಿಸಿರಿ. ಹೋಗುವಾಗ ನಿಮ್ಮ ಅಳತೆಯ ಪುಸ್ತಕವನ್ನು ಜೊತೆಗೆ ಒಯ್ಯಿರಿ.